ಟೆಸ್ಟರ್ ಬೆಳಗಿತು, ದೀಪ ಬೆಳಗಲಿಲ್ಲ

ಮನೆಯೊಳಗೆ ಹಗಲಿರುಳೂ ನಮ್ಮೊಡನಿದ್ದು, ಕಣ್ಣಿಗೆ ಮಾತ್ರ ಕಾಣದೆ ದುಡಿಯುವ ಆಳೆಂದರೆ ವಿದ್ಯುತ್ತು. ನೀರಿನ ಕೊಳವೆ ಸೋರಿದರೆ ಗೋಡೆ ಒದ್ದೆಯಾಗಿ ಸುದ್ದಿ ಮುಟ್ಟಿಸುತ್ತದೆ. ಅಡುಗೆ ಅನಿಲ ಸೋರಿದರೆ ವಾಸನೆ ಎಚ್ಚರಿಸುತ್ತದೆ. ವಿದ್ಯುತ್ತಿನ ತಂತಿಯಲ್ಲಿ ದೋಷವುಂಟಾದರೆ ಅದನ್ನು ನೋಡುವ ಕಣ್ಣಾಗಲಿ ಕೇಳುವ ಕಿವಿಯಾಗಲಿ ನಮಗಿಲ್ಲ. ಆದುದರಿಂದ ಉಪಕರಣದ ಮಾತನ್ನು ನಂಬಿಯೇ ನಡೆಯಬೇಕಾಗುತ್ತದೆ. ಟೆಸ್ಟರ್ ಇಂದು ಹೆಚ್ಚುಕಡಿಮೆ ಪ್ರತಿಯೊಂದು ಮನೆಯಲ್ಲೂ ಇದೆ. ಅಂಕಿಗಳನ್ನು ತೋರಿಸುವ ಡಿಜಿಟಲ್ ಮಲ್ಟಿಮೀಟರ್ ಕೂಡ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಆದರೆ ಅವು ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಬಗೆ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಅದನ್ನರಿಯದೆ ಒಳ್ಳೆಯ ಗೋಡೆಗಳನ್ನು ಒಡೆಸಿದವರೂ ಇದ್ದಾರೆ, ಕೆಟ್ಟ ತಂತಿಯನ್ನು ಹಾಗೆಯೇ ಬಿಟ್ಟು ಪ್ರಾಣಕ್ಕೆ ಸಂಚಕಾರ ತಂದುಕೊಂಡವರೂ ಇದ್ದಾರೆ.

2019ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಓದುಗರ ಮುಂದಿಡಬೇಕೆಂದು ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಇದ್ದಿತು. ಇದರಲ್ಲಿ ಅದ್ಭುತವಾದುದೇನೂ ಇಲ್ಲ. ಆದರೆ ಇಂಥದೇ ಪ್ರಸಂಗ ಯಾವ ಮನೆಯಲ್ಲಾದರೂ ಒದಗಬಹುದು. ಆಗ ಮನೆಯ ಹಿರಿಯರೂ ಗೃಹಿಣಿಯರೂ ತೆಗೆದುಕೊಳ್ಳುವ ತೀರ್ಮಾನದ ಮೇಲೆ ಕುಟುಂಬದ ಕ್ಷೇಮವೇ ನಿಂತಿರುತ್ತದೆ.

ನಮ್ಮ ಮನೆ ಇರುವುದು ಬೆಂಗಳೂರಿನ ಉತ್ತರ ದಿಕ್ಕಿನ ನಾಗಸಂದ್ರದಲ್ಲಿ. ತುಮಕೂರು ರಸ್ತೆಯಲ್ಲಿ ಪೀಣ್ಯದ ಕಾರ್ಖಾನೆಗಳನ್ನು ದಾಟಿದೊಡನೆ ಸಿಗುವ ಊರು ಇದು. ಸಮುದ್ರವೆಂದರೆ ನಮ್ಮ ಹಿರಿಯರ ಮಾತಿನಲ್ಲಿ ದೊಡ್ಡ ಕೆರೆ; ಆ ಸಮುದ್ರವೇ ಜನರ ನಾಲಿಗೆಯಲ್ಲಿ ಸವೆದು ಸಂದ್ರವಾಯಿತೆಂದು ಬಲ್ಲವರು ಹೇಳುತ್ತಾರೆ. ಬೆಂಗಳೂರಿಗೆ ವಿದ್ಯುತ್ತು ಬಂದದ್ದೂ ಮತ್ತೊಂದು ಸಮುದ್ರದಿಂದಲೇ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಪ್ರಾರಂಭವಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮೊದಲು ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತು. ನಮ್ಮ ನಾಗಸಂದ್ರದಂಥ ಹಳ್ಳಿಗಳಿಗೆ ಆ ಬೆಳಕು ತಲುಪಲು ಇನ್ನೂ ಬಹಳ ಕಾಲ ಹಿಡಿಯಿತು. ಇಂದಾದರೋ ನಮ್ಮ ಬಡಾವಣೆಯ ಪಕ್ಕದಲ್ಲಿಯೇ ಮೆಟ್ರೋ ರೈಲು ವಿದ್ಯುತ್ತಿನಿಂದ ಓಡುತ್ತಿದೆ. 2015ರಲ್ಲಿ ಇಲ್ಲಿಯವರೆಗೆ ಬಂದ ಆ ಮಾರ್ಗ 2024ರಲ್ಲಿ ಮಾದಾವರದವರೆಗೂ ಬೆಳೆದಿದೆ.

ನಮ್ಮ ಮನೆಯ ಮುಂಭಾಗವನ್ನು 1986ರಲ್ಲಿ ಕಟ್ಟಿಸಿದೆವು. ಆ ಕಾಲದಲ್ಲಿ ತಾಮ್ರ ದುಬಾರಿಯಾಗಿದ್ದುದರಿಂದ ಅನೇಕ ಮನೆಗಳಂತೆ ನಮ್ಮ ಮನೆಗೂ ಅಲ್ಯೂಮಿನಿಯಂ ತಂತಿಯನ್ನೇ ಎಳೆಸಲಾಗಿತ್ತು. ಸಂಸಾರ ಬೆಳೆದ ಮೇಲೆ 2001ರಲ್ಲಿ ಹಿಂಭಾಗದಲ್ಲಿ ದೊಡ್ಡ ಅಡುಗೆಮನೆಯನ್ನೂ ಉಗ್ರಾಣವನ್ನೂ ಸೇರಿಸಿದೆವು. ಹೊಸ ಭಾಗಕ್ಕೆ ತಾಮ್ರದ ತಂತಿ ಬಂದಿತು. ಹಳೆಯ ತಂತಿಗೂ ಹೊಸ ತಂತಿಗೂ ಗಂಟು ಹಾಕಿದ ಸ್ಥಳ ಅಟ್ಟದ ಮೇಲೆ, ಹಿತ್ತಾಳೆ ಪಾತ್ರೆಗಳ ಹಿಂದೆ ಮರೆಯಾಗಿತ್ತು. ಹದಿನೆಂಟು ವರ್ಷ ಯಾರೂ ಅದರ ಮುಖ ನೋಡಲಿಲ್ಲ. ನೋಡುವ ಅಗತ್ಯವೂ ಬೀಳಲಿಲ್ಲ.

ಆ ವರ್ಷದ ಮೊದಲಲ್ಲಿ ನಮ್ಮ ಸೊಸೆ ಬಾಣಂತನ ಮುಗಿಸಿ ಬಹಳ ತಿಂಗಳಾದ ಮೇಲೆ ತವರಿಗೆ ಹೋಗಿ ಬಂದಳು. ಬರುವಾಗ ಅವರ ತಾಯಿಯವರು ಕೇಕು, ಬಿಸ್ಕತ್ತು ಬೇಯಿಸುವ ವಿದ್ಯುತ್ ಒವನ್ ಒಂದನ್ನು ಪ್ರೀತಿಯಿಂದ ಕೊಟ್ಟು ಕಳುಹಿಸಿದ್ದರು. ಒವನ್ ಹಚ್ಚಿದಾಗಲೆಲ್ಲ ಅಡುಗೆಮನೆಯ ದೀಪ ಮಂಕಾಗುತ್ತಿತ್ತು. ಕೆಲವೊಮ್ಮೆ ಪಟಪಟನೆ ಮಿನುಗುತ್ತಿತ್ತು. ಎಂಬತ್ತು ದಾಟಿದ ನಮ್ಮ ತಾಯಿಯವರು ಅದನ್ನು ಗಮನಿಸಿದರು. "ಆ ಕಾವಿನ ಪೆಟ್ಟಿಗೆ ಬಂದಾಗಿನಿಂದ ಮನೆಯಲ್ಲಿ ದೀಪ ನೆಟ್ಟಗೆ ನಿಲ್ಲುತ್ತಿಲ್ಲವಲ್ಲಪ್ಪ" ಎಂದರು. ಮಾತಿನಲ್ಲಿ ಕಹಿ ಇರಲಿಲ್ಲ. ಆದರೆ ಸೊಸೆ ಅದನ್ನು ಕೇಳಿಸಿಕೊಂಡಳು. ಮರುದಿನ ಒವನ್ನಿಗೆ ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟಳು.

ಮೊಮ್ಮಗಳ ಮೊದಲನೆಯ ಹುಟ್ಟುಹಬ್ಬಕ್ಕೆ ಮೂರು ದಿನವಿರುವಾಗ ಅಡುಗೆಮನೆ ಸಂಪೂರ್ಣವಾಗಿ ಸತ್ತಿತು. ಫ್ರಿಜ್ಜು ನಿಂತಿತು, ಮಿಕ್ಸಿ ತಿರುಗಲಿಲ್ಲ, ದೀಪ ಹೊತ್ತಲಿಲ್ಲ. ಮನೆಯ ಉಳಿದ ಭಾಗದಲ್ಲಿ ಎಲ್ಲವೂ ಸರಿಯಾಗಿತ್ತು. ತುಮಕೂರು, ತಿಪಟೂರು ಕಡೆಗಳಿಂದ ನೆಂಟರು ಬರುವವರಿದ್ದರು. ಬಡಾವಣೆಯ ವಿದ್ಯುತ್ ಕೆಲಸಗಾರರೊಬ್ಬರನ್ನು ಕರೆಸಿದೆವು. ಅವರು ಪ್ಲಗ್ಗಿನ ಎರಡು ರಂಧ್ರಗಳಿಗೂ ಟೆಸ್ಟರ್ ಹಿಡಿದು ನೋಡಿದರು. ಸಾಧಾರಣವಾಗಿ ಫೇಸ್ ರಂಧ್ರದಲ್ಲಿ ಮಾತ್ರ ಟೆಸ್ಟರ್ ಬೆಳಗಬೇಕು, ನ್ಯೂಟ್ರಲಿನಲ್ಲಿ ಬೆಳಗಬಾರದು. ನಮ್ಮಲ್ಲಿ ಎರಡರಲ್ಲೂ ಬೆಳಗಿತು! "ಎರಡು ಕಡೆಯೂ ಕರೆಂಟು ಬರುತ್ತಿದೆ ಸಾರ್. ಒಳಗೆ ಎಲ್ಲೋ ತಂತಿಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿವೆ. ಗೋಡೆ ಒಡೆದು ಎಲ್ಲವನ್ನೂ ಹೊಸದಾಗಿ ಎಳೆಯಬೇಕು" ಎಂದರು. ಖರ್ಚು 40 ಸಾವಿರದ ಮೇಲಾಗುವುದೆಂದು ಅಂದಾಜು ಹೇಳಿದರು.

ನಮ್ಮ ಮುಖಭಾವ ನೋಡಿ ಅವರಿಗೆ ಕನಿಕರ ಹುಟ್ಟಿತೋ ಏನೋ, ಮತ್ತೊಂದು ದಾರಿಯನ್ನೂ ಸೂಚಿಸಿದರು. "ಸದ್ಯಕ್ಕೆ ನ್ಯೂಟ್ರಲ್ ತಂತಿ ಬಿಚ್ಚಿ, ಅರ್ಥಿಂಗ್ ತಂತಿಯನ್ನೇ ಅದರ ಜಾಗಕ್ಕೆ ಕೊಟ್ಟುಬಿಡುತ್ತೇನೆ. ಹತ್ತು ನಿಮಿಷದ ಕೆಲಸ. ಹಬ್ಬ ಮುಗಿಯಲಿ, ಆಮೇಲೆ ನೋಡೋಣ." ಮನೆಯಲ್ಲಿ ಎಲ್ಲರ ಮುಖವೂ ಅರಳಿತು. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ವಿಜ್ಞಾನ ಪಾಠ ಹೇಳಿದವನು. ಅರ್ಥಿಂಗ್ ತಂತಿ ಇರುವುದು ದುಡಿಯುವುದಕ್ಕಲ್ಲ, ಕಾಯುವುದಕ್ಕೆ ಎಂಬುದು ತಿಳಿದಿದ್ದುದರಿಂದ, ಆ ಕೆಲಸವನ್ನು ಮಾತ್ರ ಮಾಡಿಸುವುದು ಬೇಡವೆಂದೆ. ಮನೆಯವರಿಗೆ ಅದು ಹಿಡಿಸಲಿಲ್ಲ. "ಎರಡು ದಿನದ ಮಟ್ಟಿಗೆ ಏನಾಗುತ್ತದೆ?" ಎಂದು ನನ್ನ ಪತ್ನಿ ಕೇಳಿದಳು. ಪ್ರಶ್ನೆ ಸಹಜವಾದುದು. ಉತ್ತರ ಸ್ವಲ್ಪ ವಿವರವಾಗಿ ಹೇಳಬೇಕಾದುದು.

ಫೇಸ್ ತಂತಿ ವಿದ್ಯುತ್ತನ್ನು ತರುತ್ತದೆ. ನ್ಯೂಟ್ರಲ್ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಮೂರನೆಯದಾದ ಅರ್ಥಿಂಗ್ ತಂತಿಯು ಫ್ರಿಜ್ಜು, ಗೀಸರ್, ಬಟ್ಟೆ ಒಗೆಯುವ ಯಂತ್ರ ಮುಂತಾದವುಗಳ ಲೋಹದ ಮೈಯನ್ನು ಹಿತ್ತಿಲಿನ ಅರ್ಥಿಂಗ್ ಗುಂಡಿಗೆ ಸೇರಿಸುತ್ತದೆ. ಎಲ್ಲವೂ ಸರಿಯಾಗಿದ್ದಾಗ ಅದರಲ್ಲಿ ಪ್ರವಾಹವೇ ಇರಬಾರದು. ಈಗ ನ್ಯೂಟ್ರಲಿನ ಕೆಲಸವನ್ನು ಅದಕ್ಕೆ ವಹಿಸಿದೆವೆನ್ನಿ. ಬೇಸಿಗೆಯಲ್ಲಿ ಗುಂಡಿಯ ಮಣ್ಣು ಒಣಗಿ, ಅದರ ರೋಧ 20 ಓಮ್ ಆಗಿದೆಯೆಂದು ಭಾವಿಸೋಣ. ಗ್ರೈಂಡರು 2 ಆಂಪಿಯರ್ ಎಳೆದರೆ, ಓಮ್ ನಿಯಮದಂತೆ ಆ ತಂತಿಗೆ 40 ವೋಲ್ಟ್ ಏರುತ್ತದೆ. ಅದು ತಂತಿಯಲ್ಲಿ ಮಾತ್ರ ನಿಲ್ಲುವುದಿಲ್ಲ. ಅರ್ಥಿಂಗಿಗೆ ಸೇರಿದ ಮನೆಯ ಪ್ರತಿಯೊಂದು ಯಂತ್ರದ ಮೈಯೂ 40 ವೋಲ್ಟಿಗೆ ಏರುತ್ತದೆ. ಗುಂಡಿಗೆ ಹೋಗುವ ತಂತಿ ತುಕ್ಕು ಹಿಡಿದು ತುಂಡಾದರಂತೂ ಗ್ರೈಂಡರಿನ ಮೂಲಕ ಹಾದು ಬಂದ 230 ವೋಲ್ಟ್ ನೇರವಾಗಿ ಫ್ರಿಜ್ಜಿನ ಹಿಡಿಕೆಗೂ ಬಚ್ಚಲಿನ ಗೀಸರಿಗೂ ಬಂದು ಕೂಡುತ್ತದೆ. ಒದ್ದೆ ಕೈಯಲ್ಲಿ ಅವನ್ನು ಮುಟ್ಟುವವರು ಯಾರು? ಮನೆಯ ಹೆಂಗಸರು, ಮಕ್ಕಳು. ನಮ್ಮ ಮನೆಯಲ್ಲಿ ಆಗತಾನೆ ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದ ಕೂಸೊಂದಿತ್ತು. ಅದು ಫ್ರಿಜ್ಜನ್ನು ಹಿಡಿದೇ ಏಳುತ್ತಿತ್ತು. ಇದನ್ನು ಹೇಳಿದ ಮೇಲೆ ಯಾರೂ ಮತ್ತೆ ಆ ಮಾತೆತ್ತಲಿಲ್ಲ. ಪಕ್ಕದ ಮನೆಯವರು ತಮ್ಮ ಫ್ರಿಜ್ಜಿನಲ್ಲಿ ನಮ್ಮ ಹಾಲು ಮೊಸರಿಗೆ ಸ್ಥಳ ಮಾಡಿಕೊಟ್ಟರು.

ಕೆಲಸಗಾರರು ಹೋದ ಮೇಲೆ ನನ್ನ ಮಗ ಒಂದು ಡಿಜಿಟಲ್ ಮಲ್ಟಿಮೀಟರ್ ಕೊಂಡು ತಂದ. ಗಣಕಯಂತ್ರದ ಕೆಲಸ ಮಾಡುವವನಾದ್ದರಿಂದ ಅಂಕಿಗಳ ಮೇಲೆ ಅವನಿಗೆ ವಿಶ್ವಾಸ ಹೆಚ್ಚು. ಅಡುಗೆಮನೆಯ ಪ್ಲಗ್ಗಿನಲ್ಲಿ ಅಳೆದು ಒಂದು ಹಾಳೆಯ ಮೇಲೆ ಅಂದವಾಗಿ ಬರೆದಿಟ್ಟ. ಫೇಸಿಗೂ ಅರ್ಥಿಂಗಿಗೂ ನಡುವೆ 232 ವೋಲ್ಟ್. ಇದು ಸರಿಯಾದ ಲೆಕ್ಕ. ಆದರೆ ಫೇಸಿಗೂ ನ್ಯೂಟ್ರಲಿಗೂ ನಡುವೆ 118! ನ್ಯೂಟ್ರಲಿಗೂ ಅರ್ಥಿಂಗಿಗೂ ನಡುವೆ 74! ಎರಡನ್ನೂ ಕೂಡಿದರೆ 232 ಬರಬೇಕಲ್ಲವೇ? ಬಂದದ್ದು 192. ಉಳಿದ 40 ವೋಲ್ಟ್ ಎಲ್ಲಿಗೆ ಹೋಯಿತು? ಫ್ರಿಜ್ಜಿನ ಪ್ಲಗ್ಗನ್ನು ಚುಚ್ಚಿ ಮತ್ತೆ ಅಳೆದಾಗ ಎಲ್ಲವೂ ಬದಲಾಯಿತು. ಫೇಸಿಗೂ ನ್ಯೂಟ್ರಲಿಗೂ ನಡುವೆ ಸೊನ್ನೆಯ ಸಮೀಪ, ನ್ಯೂಟ್ರಲಿಗೂ ಅರ್ಥಿಂಗಿಗೂ ನಡುವೆ 231. ನಾಲ್ಕು ಸಲ ಅಳೆದರೆ ನಾಲ್ಕು ಲೆಕ್ಕ.

ಸುದ್ದಿ ತಿಳಿದು ಬಂದ ನೆರೆಹೊರೆಯವರು ತಮತಮಗೆ ತೋಚಿದ್ದನ್ನು ಹೇಳಿದರು. ಮೆಟ್ರೋ ಮಾರ್ಗದ ವಿದ್ಯುತ್ತು ನೆಲದೊಳಗೆ ಹರಿದು ಬರುತ್ತಿರಬೇಕೆಂದು ಒಬ್ಬರು; ಪೀಣ್ಯದ ಕಾರ್ಖಾನೆಗಳ ದೊಡ್ಡ ಯಂತ್ರಗಳ ಪ್ರಭಾವವೆಂದು ಇನ್ನೊಬ್ಬರು; ಅಡುಗೆಮನೆಯ ದಿಕ್ಕೇ ಸರಿಯಿಲ್ಲವೆಂದು ಮತ್ತೊಬ್ಬರು. ಮೆಟ್ರೋದ ಮೂರನೆಯ ಹಳಿಯಲ್ಲಿರುವುದು 750 ವೋಲ್ಟಿನ ಏಕಮುಖ ವಿದ್ಯುತ್ತು. ನಮ್ಮ ಮನೆಗೆ ಬರುವುದು ಸೆಕೆಂಡಿಗೆ 50 ಬಾರಿ ಆವರ್ತಿಸುವ ಪರ್ಯಾಯ ವಿದ್ಯುತ್ತು. ಒಂದೇ ಮನೆಯ ಒಂದೇ ಕೋಣೆಯನ್ನು ಆರಿಸಿಕೊಂಡು ಕಾಡಲು ರೈಲಿಗಾಗಲಿ ಕಾರ್ಖಾನೆಗಾಗಲಿ ಕಾರಣವಿರಲಿಲ್ಲ.

ನನ್ನ ತಂಗಿಯ ಮಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ನಿರ್ವಹಣೆಯ ವಿಭಾಗದಲ್ಲಿ ಬಹಳ ವರ್ಷಗಳಿಂದ ಇದ್ದಾನೆ. ರಾತ್ರಿ ಪಾಳಿ ಮುಗಿಸಿ ಮರುದಿನ ಬೆಳಿಗ್ಗೆ ನೇರವಾಗಿ ನಮ್ಮಲ್ಲಿಗೆ ಬಂದ. ಮಗ ಬರೆದಿಟ್ಟ ಹಾಳೆಯನ್ನು ಗಮನವಿಟ್ಟು ನೋಡಿದ. "ಅಂಕಿಗಳಲ್ಲಿ ತಪ್ಪಿಲ್ಲ ಮಾವ. ಒಂದೊಂದನ್ನು ಅಳೆಯುವಾಗಲೂ ಏನೇನು ಚುಚ್ಚಿತ್ತು, ಯಾವ ಸ್ವಿಚ್ಚು ಹಾಕಿತ್ತು ಅನ್ನುವುದನ್ನು ಮಾತ್ರ ಬರೆದಿಲ್ಲ" ಎಂದ. ಬಳಿಕ ತನ್ನ ಚೀಲದಿಂದ ಒಂದು ಹೋಲ್ಡರನ್ನೂ, ಅದರಲ್ಲಿ ಸಿಕ್ಕಿಸಿದ 60 ವ್ಯಾಟಿನ ಹಳೆಯ ಕಾಲದ ಬಲ್ಬನ್ನೂ, ಅದಕ್ಕೆ ಜೋಡಿಸಿದ ಎರಡು ತಂತಿಗಳನ್ನೂ ತೆಗೆದ. ಕಾರ್ಖಾನೆಯಲ್ಲಿ ಎಷ್ಟೇ ದುಬಾರಿಯ ಮೀಟರುಗಳಿದ್ದರೂ ಈ ದೀಪವನ್ನು ತಾನು ಬಿಡುವುದಿಲ್ಲವೆಂದ.

ಫೇಸಿಗೂ ನ್ಯೂಟ್ರಲಿಗೂ ನಡುವೆ ಮೀಟರ್ 118 ವೋಲ್ಟ್ ತೋರಿಸಿತ್ತಲ್ಲ, ಅಲ್ಲಿಯೇ ಆ ಬಲ್ಬನ್ನು ಜೋಡಿಸಿದ. 118 ವೋಲ್ಟ್ ನಿಜವಾಗಿ ಇದ್ದಿದ್ದರೆ ಬಲ್ಬು ಮಂದವಾಗಿಯಾದರೂ ಹೊತ್ತಬೇಕಿತ್ತು. ಅದರ ಎಳೆ ಕೆಂಪಗೆ ಕೂಡ ಆಗಲಿಲ್ಲ. "ಇದು ಸುಳ್ಳು ವೋಲ್ಟೇಜು. ನ್ಯೂಟ್ರಲ್ ಎಲ್ಲೋ ಬಿಟ್ಟುಹೋಗಿದೆ. ತಂತಿ ಸುಟ್ಟೂ ಇಲ್ಲ, ಅಂಟಿಕೊಂಡೂ ಇಲ್ಲ" ಎಂದು ನಿಶ್ಚಯವಾಗಿ ಹೇಳಿದ.

ಸುಳ್ಳು ವೋಲ್ಟೇಜು ಹುಟ್ಟುವ ಬಗೆ ಹೀಗೆ. ಗೋಡೆಯೊಳಗಿನ ಒಂದೇ ಪೈಪಿನಲ್ಲಿ ಫೇಸ್, ನ್ಯೂಟ್ರಲ್, ಅರ್ಥಿಂಗ್ ತಂತಿಗಳು ಒಂದಕ್ಕೊಂದು ಒತ್ತಿಕೊಂಡು ಹಲವಾರು ಅಡಿ ಸಾಗುತ್ತವೆ. ನಡುವೆ ಪ್ಲಾಸ್ಟಿಕ್ಕಿನ ಹೊದಿಕೆ ಮಾತ್ರ. ಎರಡು ಲೋಹಗಳ ನಡುವೆ ಅವಾಹಕವಿದ್ದರೆ ಅದು ಒಂದು ಪುಟ್ಟ ಧಾರಕವಾಗುತ್ತದೆಂದು ಶಾಲೆಯಲ್ಲಿ ಓದಿದ್ದೇವೆ. ಪರ್ಯಾಯ ವಿದ್ಯುತ್ತು ಅದರ ಮೂಲಕ ಅತ್ಯಲ್ಪವಾಗಿ ದಾಟಬಲ್ಲದು. ಎರಡು ತುದಿಯೂ ನೆಲೆ ತಪ್ಪಿ ತೇಲುತ್ತಿರುವ ನ್ಯೂಟ್ರಲ್ ತಂತಿಗೆ ಪಕ್ಕದ ಫೇಸ್ ತಂತಿಯಿಂದ ಹೀಗೆ ಒಂದಿಷ್ಟು ವಿಭವ ತಗಲುತ್ತದೆ. ನಮ್ಮ ಮನೆಯ ಲೆಕ್ಕದಲ್ಲಿ ಅದು ಕೊಡಬಲ್ಲ ಪ್ರವಾಹ ಹತ್ತಿಪ್ಪತ್ತು ಮೈಕ್ರೋ ಆಂಪಿಯರ್. 60 ವ್ಯಾಟಿನ ಬಲ್ಬು ಹೊತ್ತಲು ಬೇಕಾದದ್ದು ಅದರ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಟೆಸ್ಟರಿನೊಳಗಿನ ಪುಟ್ಟ ನಿಯಾನ್ ದೀಪಕ್ಕಾದರೆ ಕೆಲವೇ ಮೈಕ್ರೋ ಆಂಪಿಯರ್ ಸಾಕು. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್. ಅದೂ ಏನನ್ನೂ ಎಳೆಯದೆ ಇದ್ದುದನ್ನು ಇದ್ದಂತೆ ತೋರಿಸಲು ಯತ್ನಿಸುತ್ತದೆ.

ಮಾಯವಾದ 40 ವೋಲ್ಟಿನ ಗುಟ್ಟೂ ಇಲ್ಲಿಯೇ ಇದೆ. ತೇಲುವ ತಂತಿ ಎಷ್ಟು ದುರ್ಬಲವೆಂದರೆ ಮೀಟರಿನ ಒಂದು ಕೋಟಿ ಓಮ್ ರೋಧವೂ ಅದಕ್ಕೆ ಹೊರೆಯೇ. ಫೇಸಿಗೆ ಹಿಡಿದು ಅಳೆದಾಗ ಮೀಟರ್ ಆ ತಂತಿಯನ್ನು ಫೇಸಿನ ಕಡೆಗೆ ಸ್ವಲ್ಪ ಎಳೆಯುತ್ತದೆ. ಅರ್ಥಿಂಗಿಗೆ ಹಿಡಿದಾಗ ಅರ್ಥಿಂಗಿನ ಕಡೆಗೆ ಎಳೆಯುತ್ತದೆ. ಎರಡು ಸಲವೂ ಅಂಕಿ ಇರಬೇಕಾದುದಕ್ಕಿಂತ ಕಡಿಮೆಯೇ ಬರುತ್ತದೆ. ಕೂಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಲೆಕ್ಕ ತಾಳೆಯಾಗದಿರುವುದೇ ತಂತಿ ತೇಲುತ್ತಿದೆಯೆಂಬುದಕ್ಕೆ ಒಳ್ಳೆಯ ಸಾಕ್ಷಿ.

ನನ್ನ ತಾಯಿಯವರಿಗೆ ಇದನ್ನು ತಿಳಿಸಲು ಅಳಿಯ ನೀರಿನ ಹೋಲಿಕೆ ಕೊಟ್ಟ. "ಅಜ್ಜಿ, ಮಹಡಿಯ ಮೇಲಿನ ಟ್ಯಾಂಕು ತುಂಬಿದೆ, ಆದರೆ ಕೊಳವೆ ಕಸ ಕಟ್ಟಿ ಸೂಜಿಯ ತೂತಿನಷ್ಟೇ ಉಳಿದಿದೆ ಅಂತ ಇಟ್ಟುಕೊಳ್ಳಿ. ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಜೋರಾಗಿಯೇ ನೂಕುತ್ತದೆ. ಬಿಂದಿಗೆ ಇಟ್ಟು ನೋಡಿದರೆ ತಾನೆ ನೀರಿಲ್ಲ ಅಂತ ಗೊತ್ತಾಗುವುದು? ಟೆಸ್ಟರು ಹೆಬ್ಬೆರಳು, ಈ ಬಲ್ಬು ಬಿಂದಿಗೆ." ಅವರಿಗೆ ಅದು ಕೂಡಲೇ ಹೊಳೆಯಿತು. ಮೂವತ್ತು ವರ್ಷ ಪಾಠ ಹೇಳಿದ ನನಗೂ ಆ ಹೋಲಿಕೆ ಬಹಳ ಮೆಚ್ಚಿಗೆಯಾಯಿತು.

ಆದರೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಏನನ್ನೂ ಚುಚ್ಚದಿದ್ದಾಗ ನ್ಯೂಟ್ರಲ್ ರಂಧ್ರದಲ್ಲಿದ್ದ 74 ವೋಲ್ಟ್ ನಿರುಪದ್ರವಿ. ಅದೇ ರಂಧ್ರ, ಫ್ರಿಜ್ಜನ್ನು ಚುಚ್ಚಿದ ಕ್ಷಣದಲ್ಲಿ ಅಥವಾ ದೀಪದ ಸ್ವಿಚ್ಚನ್ನು ಒತ್ತಿದ ಕ್ಷಣದಲ್ಲಿ ಮಾರಕ. ಫೇಸಿನ ವಿದ್ಯುತ್ತು ಆ ಉಪಕರಣದ ಮೂಲಕ ಹಾದು, ಹಿಂದಿರುಗುವ ದಾರಿ ಕಾಣದೆ, ಅಲ್ಲಿ ಬಂದು ಕಾದು ನಿಂತಿರುತ್ತದೆ. ಮುಟ್ಟಿದವರ ದೇಹವೇ ಅದಕ್ಕೆ ದಾರಿಯಾಗುತ್ತದೆ. ಫ್ರಿಜ್ಜು ಚುಚ್ಚಿದಾಗ ಕಂಡ 231 ವೋಲ್ಟಿನ ಅರ್ಥ ಇದೇ. ಕೆಲಸಗಾರರ ಟೆಸ್ಟರ್ ಎರಡು ಕಡೆಯೂ ಬೆಳಗಿದ್ದಕ್ಕೆ ಕಾರಣವೂ ಇದೇ. ಉಪಕರಣ ಕೆಲಸ ಮಾಡುತ್ತಿಲ್ಲವೆಂದ ಮಾತ್ರಕ್ಕೆ ವಿದ್ಯುತ್ತಿಲ್ಲವೆಂದು ತಿಳಿಯಬಾರದು.

ಇನ್ನು ಬಿಟ್ಟುಹೋದ ಸ್ಥಳವನ್ನು ಹುಡುಕಬೇಕು. ಅಳಿಯ ಮೇನ್ ಸ್ವಿಚ್ಚನ್ನು ಆರಿಸಿ, ಫ್ಯೂಸುಗಳನ್ನು ಕಿತ್ತು ತನ್ನ ಜೇಬಿನಲ್ಲಿಟ್ಟುಕೊಂಡ. ಬೇರೆ ಯಾರಾದರೂ ತಿಳಿಯದೆ ಹಾಕಿಬಿಡಬಾರದೆಂಬ ಎಚ್ಚರಿಕೆ ಅದು. ತಂತಿಗಳು ನಿಜವಾಗಿಯೂ ಸತ್ತಿವೆಯೆಂದು ದೀಪದಿಂದಲೇ ಖಚಿತಪಡಿಸಿಕೊಂಡ. ಬಳಿಕ ಮೀಟರ್ ಬೋರ್ಡಿನ ನ್ಯೂಟ್ರಲಿನಿಂದ ಉದ್ದನೆಯ ತಂತಿಯೊಂದನ್ನು ಎಳೆದು ತಂದು ರೋಧ ಅಳೆಯತೊಡಗಿದ. ಎಲ್ಲ ಗೋಡೆಗಳನ್ನೂ ತಟ್ಟಿ ನೋಡಲಿಲ್ಲ. ದಾರಿಯ ನಡುವಿನಲ್ಲಿದ್ದ ನಡುಮನೆಯ ಸ್ವಿಚ್ ಬೋರ್ಡನ್ನು ಮೊದಲು ಪರೀಕ್ಷಿಸಿದ. ಅಲ್ಲಿಯವರೆಗೆ ಒಂದು ಓಮಿಗೂ ಕಡಿಮೆ, ತಂತಿ ಕೂಡಿಕೊಂಡಿತ್ತು. ಅಡುಗೆಮನೆಯಲ್ಲಿ ನೋಡಿದರೆ ಮೀಟರ್ ಏನನ್ನೂ ತೋರಿಸಲಿಲ್ಲ. ಅಂದರೆ ದೋಷವಿರುವುದು ಇವೆರಡರ ನಡುವೆ. ಅರ್ಧ ಮನೆ ಅನುಮಾನದಿಂದ ಪಾರಾಯಿತು. ಉಳಿದರ್ಧದಲ್ಲಿದ್ದ ಜಂಕ್ಷನ್ ಬಾಕ್ಸ್ ಒಂದೇ, ಅಟ್ಟದ ಮೇಲಿನದು.

ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ, ಮುಚ್ಚಳ ಬಿಚ್ಚಿದಾಗ ಸುಟ್ಟ ಟೇಪಿನ ಕಮಟು ವಾಸನೆ ಬಂದಿತು. ಹಳೆಯ ಅಲ್ಯೂಮಿನಿಯಂ ತಂತಿಯನ್ನೂ ಹೊಸ ತಾಮ್ರದ ತಂತಿಯನ್ನೂ ಹೊಸೆದು ಟೇಪು ಸುತ್ತಿದ್ದ ಗಂಟು ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳು ತಾಗಿಸಿದೊಡನೆ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಉದುರಿತು. ಗಾಳಿ ತಾಗಿದ ಅಲ್ಯೂಮಿನಿಯಮ್ಮಿನ ಮೇಲೆ ಆಕ್ಸೈಡಿನ ಪೊರೆಯೊಂದು ಕಟ್ಟುತ್ತದೆ. ಅದು ವಿದ್ಯುತ್ತನ್ನು ಬಿಡದು. ತಾಮ್ರಕ್ಕೂ ಅದಕ್ಕೂ ಕಾವಿನಲ್ಲಿ ಹಿಗ್ಗುವ ಪ್ರಮಾಣ ಬೇರೆಯಾದ್ದರಿಂದ ಕಾದು ತಣಿದಂತೆಲ್ಲ ಗಂಟು ಸಡಿಲವಾಗುತ್ತದೆ. ತೇವ ಸೇರಿದರೆ ಎರಡು ಲೋಹಗಳ ನಡುವೆ ವಿದ್ಯುತ್ಕೋಶದಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ. ಆ ಅಟ್ಟದ ಗೋಡೆಯ ಆಚೆಗೆ ಇದ್ದದ್ದು ಬಚ್ಚಲುಮನೆ. ಹದಿನೆಂಟು ವರ್ಷ ಈ ಮೂರೂ ಸೇರಿ ಕೆಲಸ ಮಾಡಿದ್ದವು.

ಆಗ ಅಳಿಯ ಹೇಳಿದ ಮಾತು ನನಗೆ ಬಹಳ ಮುಖ್ಯವೆನಿಸಿತು. "ಒವನ್ನಿನಿಂದ ಇದು ಕೆಟ್ಟಿದ್ದಲ್ಲ ಅಜ್ಜಿ. ಇದು ಮೊದಲೇ ಕೆಟ್ಟಿತ್ತು. ಫ್ರಿಜ್ಜು ದೀಪಗಳ ಸಣ್ಣ ಹೊರೆಗೆ ಹೇಗೋ ತಾಳಿಕೊಂಡಿತ್ತು. ಒವನ್ ಆರು ಆಂಪಿಯರ್ ಎಳೆದಾಗ ದೀಪ ಮಿನುಗಿತಲ್ಲ, ಅದು ನಿಮಗೆ ಬಂದ ಎಚ್ಚರಿಕೆ. ಆ ಒವನ್ ಬರದಿದ್ದರೆ ಗಂಟು ಒಳಗೊಳಗೇ ಕಾದು ಒಂದು ದಿನ ಅಟ್ಟಕ್ಕೆ ಬೆಂಕಿ ಹತ್ತಬಹುದಾಗಿತ್ತು." ನನ್ನ ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಯನ್ನು ಕರೆದು, "ಆ ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆಯಮ್ಮ. ಕೂಸಿನ ಹಬ್ಬಕ್ಕೆ ಏನು ಮಾಡಬೇಕೆಂದಿದ್ದೆಯೋ ಅದನ್ನೇ ಮಾಡು" ಎಂದರು. ಸೊಸೆ ಮಾತಾಡಲಿಲ್ಲ, ಕಣ್ಣೊರೆಸಿಕೊಂಡು ಒಳಗೆ ಹೋದಳು.

ಗೋಡೆ ಒಡೆಯುವ ಪ್ರಸಂಗವೇ ಬರಲಿಲ್ಲ. ಹಳೆಯ ತಂತಿಯ ತುದಿಗೆ ಹೊಸ ತಾಮ್ರದ ತಂತಿಗಳನ್ನು ಕಟ್ಟಿ, ಮೇನ್ ಬೋರ್ಡಿನಿಂದ ಅಡುಗೆಮನೆಯವರೆಗೆ ಅದೇ ಪೈಪಿನಲ್ಲಿ ಎಳೆದದ್ದಾಯಿತು. ಗಂಟುಗಳ ಬದಲಿಗೆ ತಿರುಪಿನ ಕನೆಕ್ಟರುಗಳು ಬಂದವು. ಆಮೇಲೆ ಅಳೆದಾಗ ಫೇಸಿಗೂ ನ್ಯೂಟ್ರಲಿಗೂ ನಡುವೆ 229 ವೋಲ್ಟ್. ಬಲ್ಬು ಪ್ರಜ್ವಲಿಸಿತು. ಒವನ್ ಹಚ್ಚಿದಾಗ 226ಕ್ಕೆ ಇಳಿದು ಅಲ್ಲಿಯೇ ಸ್ಥಿರವಾಗಿ ನಿಂತಿತು. ಹೊರೆ ಹೊತ್ತಾಗ ಇಷ್ಟು ಇಳಿಯುವುದು ಸಹಜ; ಕುಸಿದುಬೀಳುವುದು ಮಾತ್ರ ರೋಗ.

ಹೊರಡುವ ಮೊದಲು ಅವನು ಇನ್ನೊಂದು ವಿಷಯ ಕೇಳಿದ. "ಮನೆಯಲ್ಲಿ ಎಲ್ಲಾದರೂ ಸ್ವಿಚ್ಚು ಆರಿಸಿದ ಮೇಲೂ ಎಲ್‌ಇಡಿ ದೀಪ ಮಿಣಮಿಣ ಅನ್ನುತ್ತದೆಯೇ ಅತ್ತೆ?" ನನ್ನ ಪತ್ನಿ ನಕ್ಕು, ಮೆಟ್ಟಿಲಿನ ದೀಪ ರಾತ್ರಿಯಿಡೀ ಮಿಂಚುಹುಳುವಿನಂತೆ ಇರುತ್ತದೆ, ಕೂಸಿಗೆ ಅದನ್ನು ನೋಡುವುದೆಂದರೆ ಬಹಳ ಇಷ್ಟ ಎಂದಳು. ಅವನು ಅದನ್ನು ಬಿಚ್ಚಿ ತೋರಿಸಿದ. ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಲಾಗಿತ್ತು. ದೀಪ ಆರಿದರೂ ಹೋಲ್ಡರಿನಲ್ಲಿ ಸದಾಕಾಲ 230 ವೋಲ್ಟ್ ಜೀವಂತವಾಗಿತ್ತು. ಹಬ್ಬ ಬಂದಾಗಲೆಲ್ಲ ನನ್ನ ಪತ್ನಿ ಸ್ವಿಚ್ಚು ಆರಿಸಿ, ಸ್ಟೂಲು ಹತ್ತಿ, ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದುದು ಆ ಹೋಲ್ಡರನ್ನೇ! ಎಲ್ಲ ಮಿಣುಕು ದೀಪಕ್ಕೂ ಇದೇ ಕಾರಣವೆಂದಲ್ಲ. ಉದ್ದನೆಯ ಜೋಡಿ ತಂತಿಗಳಿದ್ದರೆ ಸರಿಯಾಗಿ ಜೋಡಿಸಿದ ಎಲ್‌ಇಡಿಯೂ ಹಾಗೆ ಮಿಣುಕಬಹುದು. ಆದರೆ ನೋಡದೆ ಬಿಡುವಂಥದಲ್ಲ. 118 ವೋಲ್ಟೆಂದು ಅಬ್ಬರಿಸಿದ ಅಂಕಿ ಬರಿಯ ನೆರಳಾಗಿತ್ತು. ಮಿಂಚುಹುಳುವಿನಷ್ಟು ಮಂದವಾಗಿದ್ದ ಬೆಳಕಿನ ಹಿಂದೆ ನಿಜವಾದ ಅಪಾಯ ಕುಳಿತಿತ್ತು.

ವಿದ್ಯುತ್ ಪ್ರವಾಹ, ವಿಭವಾಂತರ, ರೋಧ ಇವುಗಳ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದ ಜರ್ಮನಿಯ ಜಾರ್ಜ್ ಸೈಮನ್ ಓಮ್ ಕೂಡ ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದವನು. ಅವನ ನಿಯಮವನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಅಡುಗೆಮನೆಯ ಪ್ಲಗ್ಗಿನಲ್ಲಿ ಅದೇ ನಿಯಮ ಕೆಲಸ ಮಾಡುತ್ತಿದೆಯೆಂದು ಹೇಳಿಕೊಡುವವರು ಕಡಿಮೆ. ವಿಭವವೊಂದನ್ನೇ ಅಳೆದು ಪ್ರವಾಹವನ್ನು ಮರೆತರೆ ಆಗುವ ಗೊಂದಲವೇ ನಮ್ಮ ಮನೆಯಲ್ಲಿ ಆದದ್ದು.

ಓದುಗರ ಉಪಯೋಗಕ್ಕಾಗಿ ಕೆಲವು ಮಾತುಗಳು. ಮನೆಯ ಒಂದು ಕೋಣೆ ಮಾತ್ರ ಸತ್ತು ಟೆಸ್ಟರ್ ಎರಡು ರಂಧ್ರಗಳಲ್ಲೂ ಬೆಳಗಿದರೆ, ಆ ಕೋಣೆಯ ನ್ಯೂಟ್ರಲ್ ಕಡಿದಿರಬಹುದು. ಅಲ್ಲಿನ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಮೇನ್ ಆರಿಸಿ, ತಿಳಿದವರನ್ನು ಕರೆಯಿರಿ. ಇದಕ್ಕೆ ಬದಲಾಗಿ ಮನೆಯ ಕೆಲವು ದೀಪಗಳು ವಿಪರೀತ ಪ್ರಖರವಾಗಿ ಕೆಲವು ಮಂಕಾದರೆ, ಅಥವಾ ಬೀದಿಯ ಒಂದು ಮನೆಯಲ್ಲಿ ದೀಪ ಉರಿದುಹೋಗಿ ಪಕ್ಕದ ಮನೆಯಲ್ಲಿ ನಂದಿದರೆ, ಮೂರು ಫೇಸಿನ ಮಾರ್ಗದ ನ್ಯೂಟ್ರಲಿಗೇ ಧಕ್ಕೆಯಾಗಿರಬಹುದು. ಆಗ 230 ವೋಲ್ಟ್ ಬರಬೇಕಾದಲ್ಲಿ 400ರ ಸಮೀಪಕ್ಕೂ ಏರಬಹುದು. ಒಡನೆಯೇ ಮೇನ್ ಆರಿಸಿ 1912 ಸಂಖ್ಯೆಗೆ ದೂರು ಕೊಡಬೇಕು. ಒವನ್, ಗೀಸರ್ ಹಚ್ಚಿದಾಗ ದೀಪ ಮಿನುಗಿದರೆ ಅದನ್ನು ಗಂಟು ಸಡಿಲವಾಗಿರುವ ಸೂಚನೆಯೆಂದು ತಿಳಿದು ತೋರಿಸಿಕೊಳ್ಳಿರಿ. ಅರ್ಥಿಂಗನ್ನು ನ್ಯೂಟ್ರಲಿನಂತೆ ಬಳಸಲು ಯಾರೇ ಹೇಳಿದರೂ, ಒಂದು ದಿನದ ಮಟ್ಟಿಗೆ ಎಂದರೂ, ಒಪ್ಪಬೇಡಿರಿ. 30 ಮಿಲಿ ಆಂಪಿಯರ್ ಸೋರಿದೊಡನೆ ವಿದ್ಯುತ್ತನ್ನು ಕಡಿದುಹಾಕುವ ಆರ್‌ಸಿಸಿಬಿ ಎಂಬ ರಕ್ಷಣಾ ಸಾಧನವನ್ನು ಮೇನ್ ಬೋರ್ಡಿನಲ್ಲಿ ಹಾಕಿಸಿಕೊಳ್ಳಿರಿ. ಪರೀಕ್ಷಾ ದೀಪವಾಗಲಿ ಮೀಟರಾಗಲಿ ಅನುಭವವಿಲ್ಲದ ಕೈಗೆ ಆಟದ ಸಾಮಾನಲ್ಲ. ಸರ್ಕಾರದ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಪರವಾನಗಿ ಪಡೆದವರಿಂದಲೇ ಕೆಲಸ ಮಾಡಿಸಿರಿ.

ಕೊನೆಯದಾಗಿ ಒಂದು ಮಾತು. ಹೊರೆ ಹೊರಿಸದೆ ತಂತಿಯ ಬಲ ತಿಳಿಯದು. ಯಾವ ಸ್ಥಿತಿಯಲ್ಲಿ ಅಳೆದೆವೆಂಬುದನ್ನು ಬಿಟ್ಟು ಅಂಕಿಯನ್ನಷ್ಟೇ ಹಿಡಿದರೆ ಅದು ದಾರಿ ತಪ್ಪಿಸುತ್ತದೆ. ಕೂಡು ಸಂಸಾರದಲ್ಲಿ ಏನಾದರೂ ಕೆಟ್ಟಾಗ, ಮನೆಗೆ ಹೊಸದಾಗಿ ಬಂದ ವಸ್ತುವಿನ ಮೇಲೆ, ಕೆಲವೊಮ್ಮೆ ಹೊಸದಾಗಿ ಬಂದವರ ಮೇಲೆ, ಸಂಶಯ ಮೊದಲು ಹೋಗುತ್ತದೆ. ಹಳೆಯ ಗಂಟು ಎಲ್ಲಿ ಸಡಿಲವಾಗಿದೆಯೆಂದು ಅಟ್ಟ ಹತ್ತಿ ನೋಡುವ ತಾಳ್ಮೆಯನ್ನು ಹಿರಿಯರು ತೋರಿದರೆ ಗೋಡೆಗಳೂ ಉಳಿಯುತ್ತವೆ, ಮನಸ್ಸುಗಳೂ ಉಳಿಯುತ್ತವೆ.